ಸೀಲಿಂಗಿಗೆ ಬಾಗಿಲು

ಆ ಹೊಲಿಗೆ ಅಂಗಡಿಯ ಮಹಡಿಯ ಹಾಲ್‌ಗೆ ಕಾಲಿಟ್ಟವರು ಮೊದಲು ತಲೆಯೆತ್ತಿ ಮೇಲೆ ನೋಡುತ್ತಿದ್ದರು. ನೋಡಲಿ ಎಂಬುದೇ ಯಜಮಾನನ ಆಸೆ. ಒಂದು ಕೀಲು ಕಾಣದ, ಒಂದು ಗೆರೆ ಕಾಣದ, ಹಾಲಿನಂಥ ಬಿಳಿ ಸೀಲಿಂಗ್. ಸುತ್ತ ಅಂಚಿಗೆ ಕಲಾವಿದನೊಬ್ಬನನ್ನು ಕರೆಸಿ ಕೈಯಲ್ಲೇ ಬರೆಸಿದ ಹಸಿರು ಬಳ್ಳಿ. ಎಸಿ ಎಲ್ಲಿದೆ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ. ಯಂತ್ರವೆಲ್ಲ ಆ ಸೀಲಿಂಗಿನ ಬೆನ್ನ ಹಿಂದೆ ಅಡಗಿ ಕೂತಿತ್ತು. ಅಲ್ಲಿಂದ ತಗಡಿನ ಕೊಳವೆಗಳಲ್ಲಿ ಹರಿದು ಬಂದ ತಂಗಾಳಿ, ಹೊಲಿಗೆ ಮೆಷಿನುಗಳ ಸಾಲಿನ ಮೇಲಿದ್ದ ಸಣ್ಣ ಸಣ್ಣ ಜಾಲರಿಗಳಿಂದ ಸದ್ದಿಲ್ಲದೆ ಇಳಿಯುತ್ತಿತ್ತು.

ದೊಡ್ಡಕ್ಕ ಯಜಮಾನನ ಒಡಹುಟ್ಟಿದ ಅಕ್ಕ. ಬಟ್ಟೆ ಕತ್ತರಿಸುವುದು ಅವಳ ಕೆಲಸ. ಹಾಲಿನ ನಡುವಿನ ಉದ್ದನೆಯ ಮೇಜು ಅವಳದು. ಅಲ್ಲಿ ಅವಳು ಸೀಮೆಸುಣ್ಣದಿಂದ ಗೆರೆ ಎಳೆದರೆ ಅದನ್ನು ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ. ಮೇಜಿನ ಆಚೆಯದೆಲ್ಲ ತಮ್ಮನದು. ಅಂಗಡಿ ಅವನ ಹೆಸರಿನಲ್ಲಿತ್ತು, ಗಿರಾಕಿಗಳ ಹತ್ತಿರ ಮಾತಾಡುವವನು ಅವನು, ಯಾವುದಕ್ಕೂ ಕೊನೆಯ ಮಾತು ಅವನದೇ. ದೊಡ್ಡಕ್ಕ ಅದಕ್ಕೆಂದೂ ತಲೆ ಕೆಡಿಸಿಕೊಂಡವಳಲ್ಲ. ಹೊಲಿಯುವ ಹೆಂಗಸರು ಏನಾದರೂ ದೂರು ತಂದರೆ, "ಅವನಿಗೂ ನೂರೆಂಟು ತಲೆನೋವು ಇರುತ್ತಮ್ಮಾ, ಹೋಗ್ಲಿ ಬಿಡಿ" ಎಂದು ತಾನೇ ಸಮಾಧಾನ ಹೇಳಿ ಕಳಿಸುತ್ತಿದ್ದಳು.

ಸೀಲಿಂಗಿನ ಮೇಲೆ ತಮ್ಮನಿಗಿದ್ದ ಮೋಹ ಬರೀ ಡೌಲಿನದಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅಕ್ಕ ತಮ್ಮ ಇಬ್ಬರೂ ಬೆಳೆದದ್ದು ಅಪ್ಪನ ಹೊಲಿಗೆ ಅಂಗಡಿಯಲ್ಲಿ, ತಗಡಿನ ಮಾಡಿನ ಕೆಳಗೆ. ಬೇಸಿಗೆಯ ಮಧ್ಯಾಹ್ನ ಆ ತಗಡು ಕಾದರೆ ಕತ್ತರಿಯ ಹಿಡಿ ಮುಟ್ಟಲಾಗುತ್ತಿರಲಿಲ್ಲ. ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತ ತಮ್ಮನ ಬೆನ್ನಿಗೆ ಅವಳು ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ನೋಡ ನೋಡುತ್ತಿದ್ದಂತೆ ಅದು ಒಣಗುತ್ತಿತ್ತು. "ನಾನು ಅಂಗಡಿ ಇಟ್ರೆ ಅಲ್ಲಿ ಒಬ್ರೂ ಬೆವರಬಾರ್ದು, ನೋಡ್ತಿರು" ಎಂದು ಅವನು ಹಲ್ಲು ಕಚ್ಚಿ ಹೇಳುತ್ತಿದ್ದ. ಹೇಳಿದಂತೆ ಮಾಡಿಯೂ ತೋರಿಸಿದ.

ಎಸಿ ಕೂರಿಸಲು ಬಂದ ಮೆಕ್ಯಾನಿಕ್ ಮಾತ್ರ ಆಗಲೇ ಒಂದು ಮಾತು ಎತ್ತಿದ್ದ. ಜೀವಮಾನವೆಲ್ಲ ತಂಪು ಯಂತ್ರಗಳ ನಡುವೆಯೇ ಕಳೆದು, ಸುಡು ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದ ಮನುಷ್ಯ. ಹೆಂಗಸರೆಲ್ಲ ಅವನನ್ನು ಮಫ್ಲರಣ್ಣ ಎಂದೇ ಕರೆದರು.

"ಯಜಮಾನ್ರೇ, ಮೇಲೆ ಮೆಷಿನ್ ಇದೆ ಅಂದ್ಮೇಲೆ ಅದರ ಹತ್ರ ಹೋಗೋಕೆ ಒಂದು ಬಾಗಿಲು ಬೇಕು. ಫಿಲ್ಟರ್ ತೊಳೀಬೇಕು, ನೀರಿನ ಟ್ರೇ ನೋಡ್ಬೇಕು. ಆಳು ತೂರೋವಷ್ಟು ಒಂದು ಚೌಕ ಬಿಡಿ, ಸಾಕು."

"ಸೀಲಿಂಗಿಗೆ ಬಾಗಿಲಾ? ಅಲ್ಲಿ ಯಾರು ಸಂಸಾರ ಹೂಡ್ತಾರೆ?" ಎಂದು ಯಜಮಾನ ನಕ್ಕುಬಿಟ್ಟಿದ್ದ.

ಮಫ್ಲರಣ್ಣ ಆಮೇಲೆ ಸರ್ವೀಸಿಗೆಂದು ಬಂದಾಗಲೂ ಅದೇ ಕಥೆ. ಮೇಲೆ ನೋಡುವುದು, ಸುಣ್ಣ ಬಳಿದ ಗೋಡೆಯಂತೆ ನುಣ್ಣಗಿರುವ ಸೀಲಿಂಗ್ ಕಂಡು ತಲೆಯಾಡಿಸುವುದು, "ಬಾಗಿಲಿಲ್ಲದ ಮನೆಗೆ ಹೆಂಗೆ ಹೋಗ್ಲಿ ತಾಯಿ?" ಎಂದು ದೊಡ್ಡಕ್ಕನಿಗೆ ಹೇಳಿ ಬಂದ ದಾರಿ ಹಿಡಿಯುವುದು. ದೊಡ್ಡಕ್ಕ ತಮ್ಮನಿಗೆ ಹೇಳಿದಳು. "ಮಾಡಿಸೋಣ ಅಕ್ಕ, ಈ ಸೀಸನ್ ಮುಗೀಲಿ" ಎಂದ ಅವನು. ಹೊಲಿಗೆಯವರಿಗೆ ಸೀಸನ್ ಮುಗಿಯುವುದುಂಟೇ? ಹೀಗೆ ಎರಡು ಬೇಸಿಗೆ ಕಳೆದವು.

ಈ ಬೇಸಿಗೆಗೆ ಗಾಳಿ ಸೊರಗಿತು. ಜಾಲರಿಯ ಕೆಳಗೆ ಕೈಯಿಟ್ಟರೆ ಯಾರೋ ನಿಟ್ಟುಸಿರು ಬಿಟ್ಟಂತೆ ಆಗುತ್ತಿತ್ತು, ಅಷ್ಟೇ. ಬೆಳಿಗ್ಗೆ ಎಸಿ ಹಾಕಿದೊಡನೆ ಒದ್ದೆ ಕಾಲುಚೀಲದ ವಾಸನೆ ಹಾಲೆಲ್ಲ ತುಂಬುತ್ತಿತ್ತು. ಗಾಳಿ ಸಾಲದೆಂದು ಹೆಂಗಸರು ರಿಮೋಟಿನಲ್ಲಿ ಹದಿನಾರಕ್ಕೆ ಇಳಿಸಿದರು. ಹದಿನಾರಕ್ಕಿಂತ ಕೆಳಗೆ ಅದು ಇಳಿಯುತ್ತಿರಲಿಲ್ಲವಾದ್ದರಿಂದ ಅಲ್ಲಿಗೇ ಬಿಟ್ಟರು. ಹಿಂಗೋಡೆಯ ಮೇಲುಗಡೆ, ಹಾಲಿನ ಗಾಳಿಯನ್ನು ಯಂತ್ರ ಮರಳಿ ಎಳೆದುಕೊಳ್ಳುವ ಒಂದು ದೊಡ್ಡ ಜಾಲರಿ ಇತ್ತು. ಬಟ್ಟೆಯ ಥಾನುಗಳನ್ನಿಡುವ ಕಪಾಟು ಬಂದ ಮೇಲೆ ಅದು ಮುಕ್ಕಾಲು ಮುಚ್ಚಿಹೋಗಿತ್ತು. ಅದು ಅಲ್ಲಿರುವುದನ್ನೇ ಎಲ್ಲರೂ ಮರೆತಿದ್ದರು.

"ಈ ಎಸಿ ನಮ್ಮತ್ತೆ ಥರ ಕಣ್ರೀ. ಸದ್ದು ಜಾಸ್ತಿ, ಕೊಡೋದು ಕಮ್ಮಿ," ಎಂದಳು ಗುಂಡಿಗೆ ಕಾಜಾ ಹೊಲಿಯುವವಳು. ಬೆಳಗಿನಿಂದ ಸಂಜೆವರೆಗೆ ಬಾಯಿ ಮುಚ್ಚದವಳೆಂದು ಅವಳಿಗೆ ರೇಡಿಯೋ ಎಂದು ಹೆಸರು ಬಿದ್ದಿತ್ತು. ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದ ಪಕ್ಕದ ಮೆಷಿನಿನ ಸಣಕಲು ಹೆಂಗಸು ಕುತ್ತಿಗೆಗೆ ಸೆರಗು ಸುತ್ತಿಕೊಂಡಳು.

ಆಮೇಲೆ ನೀರು ತೊಟ್ಟಿಕ್ಕಲು ಶುರುವಾಯಿತು. ಮೊದಲ ಹನಿ ಬಿದ್ದದ್ದು ಹಾಡುಗಾರ್ತಿಯೊಬ್ಬಳು ವೇದಿಕೆಗೆಂದು ಹೊಲಿಸಲು ಕೊಟ್ಟ ಬಿಳಿ ರೇಷ್ಮೆ ಗೌನಿನ ಮೇಲೆ. ಹನಿ ಬರೀ ನೀರಾಗಿರಲಿಲ್ಲ. ಚಹಾ ಚೆಲ್ಲಿದಂತೆ ಕಂದು ಕಲೆ ಹಿಡಿಯಿತು. ಹಾಡುಗಾರ್ತಿ ಬಂದು ನೋಡಿ, ಒಂದು ಮಾತನ್ನೂ ಆಡದೆ ಬಟ್ಟೆಯನ್ನು ಮಡಚಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ದೊಡ್ಡಕ್ಕನಿಗೆ.

ಯಜಮಾನ ಒಂದು ಬಕೆಟ್ ತಂದಿಟ್ಟ. ಹನಿ ಎರಡು ಕಡೆ ಆದಾಗ, ಜಾಲರಿಯ ಕೆಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ತೊಟ್ಟಿಲಿನಂತೆ ಕಟ್ಟಿಸಿದ. ಅದೇ ವಾರ ಕರೆಂಟು ಮತ್ತೆ ಮತ್ತೆ ಹೋಗತೊಡಗಿತು. ಎಸಿ ಹಾಕಿದರೆ ಸಾಕು, ಗೋಡೆಯ ಬೋರ್ಡಿನಲ್ಲಿದ್ದ ಟ್ರಿಪ್ ಸ್ವಿಚ್ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ಮೇಲಕ್ಕೆ ದೂಡಿದರೆ ಸ್ವಲ್ಪ ಹೊತ್ತು ನಿಂತು ಮತ್ತೆ ಬೀಳುತ್ತಿತ್ತು. ಯಜಮಾನ ಬೀದಿ ಕೊನೆಯಿಂದ ಯಾರನ್ನೋ ಕರೆತಂದ. ಅವನು ಬೋರ್ಡಿನ ಮುಂದೆ ನಿಂತು ಏನೋ ಬಿಚ್ಚಿ ಏನೋ ಕಟ್ಟಿದ. ಅಲ್ಲಿಂದಾಚೆಗೆ ಸ್ವಿಚ್ ಬೀಳುವುದು ನಿಂತಿತು. "ನೋಡಿದ್ಯಾ, ಎಷ್ಟು ಸುಲಭ!" ಎಂದ ಯಜಮಾನ. ದೊಡ್ಡಕ್ಕನೂ ಸದ್ಯ ತೊಂದರೆ ತಪ್ಪಿತು ಅಂದುಕೊಂಡಳು.

ಪ್ಲಾಸ್ಟಿಕ್ ಹಾಳೆಯಲ್ಲಿ ನೀರು ತುಂಬಿ ಹೊಟ್ಟೆಯಂತೆ ಜೋತುಬಿದ್ದದ್ದು ಒಂದು ಬೆಳಿಗ್ಗೆ. ಈಗಲೋ ಆಗಲೋ ಒಡೆದು ಕೆಳಗಿನ ಮೆಷಿನಿನ ಮೇಲೆ ಸುರಿಯುವಂತಿತ್ತು. ರೇಡಿಯೋ ಸ್ಟೂಲ್ ಹತ್ತಿ, ಪರದೆ ಹಾಕುವ ಉಕ್ಕಿನ ಸರಳಿನಿಂದ ಹಾಳೆಯನ್ನು ಒಂದು ಮೂಲೆಗೆ ಎತ್ತಿ ನೀರನ್ನು ಬಕೆಟ್ಟಿಗೆ ಇಳಿಸಲು ಹೋದಳು. ಸರಳಿನ ತುದಿ ಜಾಲರಿಗೆ ತಾಗಿತು. "ಅಯ್ಯೋ" ಎಂಬ ಅರ್ಧ ಮಾತು ಕೇಳಿಸಿತು. ಸರಳು ಎಲ್ಲಿಗೋ ಹಾರಿತು, ಸ್ಟೂಲ್ ಎಲ್ಲಿಗೋ ಉರುಳಿತು, ರೇಡಿಯೋ ನೆಲದ ಮೇಲಿದ್ದಳು.

ಹೆಂಗಸರೆಲ್ಲ ಅವಳತ್ತ ನುಗ್ಗಿದರು. "ಯಾರೂ ಮುಟ್ಬೇಡಿ! ಮೊದಲು ಕರೆಂಟು!" ಎಂದು ದೊಡ್ಡಕ್ಕ ಕೂಗಿದಳು. ಹೇಗೆ ಹೊಳೆಯಿತೋ ಅವಳಿಗೇ ಗೊತ್ತಿಲ್ಲ. ಓಡಿಹೋಗಿ ಬೋರ್ಡಿನ ದೊಡ್ಡ ಸ್ವಿಚ್ಚನ್ನು ಕೆಳಕ್ಕೆ ಎಳೆದಳು. ಮೆಷಿನುಗಳು, ದೀಪಗಳು, ಎಸಿ, ಎಲ್ಲ ಒಟ್ಟಿಗೇ ನಿಂತವು. ಆಗಲೇ ರೇಡಿಯೋ ಎದ್ದು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಭುಜದ ತನಕ ಜುಮ್ ಅಂತು ದೊಡ್ಡಕ್ಕ. ಯಾರೋ ಒಳಗಿಂದ ಹೊಡೆದಂಗೆ." ಎಡಗೈ ಮಣಿಕಟ್ಟು ಆಗಲೇ ಊದುತ್ತಿತ್ತು.

ಸೂಜಿ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವರಿಬ್ಬರೂ ಇಳಿದು ಹೋದದ್ದು ಕಂಡು ಕೆಳಗಿನ ಅಂಗಡಿಯಿಂದ ಯಜಮಾನ ಮೆಟ್ಟಿಲೇರಿ ಬಂದ.

"ಏನಾಯ್ತು? ಕರೆಂಟ್ ಯಾಕೆ ತೆಗೆದ್ರಿ?"

"ರೇಡಿಯೋಗೆ ಶಾಕ್ ಹೊಡೀತು. ಜಾಲರಿಯಲ್ಲಿ ಕರೆಂಟ್ ಇದೆ," ಎಂದಳು ದೊಡ್ಡಕ್ಕ.

"ಜಾಲರಿಯಲ್ಲಿ ಕರೆಂಟ್ ಎಲ್ಲಿಂದ ಬರುತ್ತೆ ಅಕ್ಕ? ಸ್ಟೂಲ್ ಮೇಲೆ ಕಾಲು ಜಾರಿರುತ್ತೆ. ಮಾತಿನ ಭರದಲ್ಲಿ ಅವಳಿಗೆ ಕಾಲು ಎಲ್ಲಿದೆ ಅಂತ ಯಾವತ್ತು ಗೊತ್ತಿರುತ್ತೆ?" ಎಂದು ಹೇಳುತ್ತಲೇ ಅವನು ಬೋರ್ಡಿನತ್ತ ನಡೆದು ಸ್ವಿಚ್ ಮೇಲಕ್ಕೆತ್ತಿದ. ದೀಪಗಳು ಹತ್ತಿದವು. ಸೀಲಿಂಗಿನೊಳಗೆ ಯಂತ್ರ ಗುರ್ ಎಂದಿತು.

ದೊಡ್ಡಕ್ಕ ಅವನ ಪಕ್ಕಕ್ಕೆ ಬಂದು ಸ್ವಿಚ್ ಇಳಿಸಿದಳು.

ಅವನು ಎತ್ತಿದ. ಅವಳು ಇಳಿಸಿದಳು. ಈ ಸಲ ಬೋರ್ಡಿಗೆ ಬೆನ್ನು ಕೊಟ್ಟು ಅಲ್ಲೇ ನಿಂತುಬಿಟ್ಟಳು.

ಅಕ್ಕ ತಮ್ಮ ಹೀಗೆ ಎದುರುಬದುರಾಗಿ ನಿಂತದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

"ಅಕ್ಕ, ಸರಿ ಆ ಕಡೆ."

"ಸರಿಯಲ್ಲ."

"ಇಲ್ಲಿ ಯಜಮಾನ ಯಾರು? ನಾನಾ, ನೀನಾ?"

"ಯಜಮಾನ ನೀನೇ. ಅದರಲ್ಲಿ ಅನುಮಾನ ಇಲ್ಲ. ಆದ್ರೆ ಕರೆಂಟಿಗೆ ಅದು ಗೊತ್ತಿಲ್ಲ ನೋಡು. ಯಜಮಾನನ ಕೈ ಅಂತ ಬಿಡಲ್ಲ ಅದು."

ಯಾರೋ ಕಿಸಕ್ಕೆಂದರು. ಅವನ ಮುಖ ಕೆಂಪೇರಿತು. "ಈ ಸೆಕೆಯಲ್ಲಿ ಹೆಂಗೆ ಕೆಲಸ ಮಾಡ್ತೀರೋ ಮಾಡ್ಕೊಳ್ಳಿ ಹಾಗಾದ್ರೆ! ಸಂಜೆವರೆಗೂ ಇಲ್ಲಿ ಬೆಂದ ಮೇಲೆ ನೀವೇ ಬಂದು 'ಹಾಕಿ ಯಜಮಾನ್ರೇ' ಅಂತೀರಿ," ಎಂದು ಧಡಧಡ ಕೆಳಗಿಳಿದು ಹೋದ.

ಎಸಿ ಹಾಕಿಸಿದಾಗ ಹಾಲಿನ ಕಿಟಕಿಗಳನ್ನೆಲ್ಲ ಪ್ಲೈವುಡ್ ಹಲಗೆಯಿಂದ ಮುಚ್ಚಿಸಲಾಗಿತ್ತು. ದೊಡ್ಡಕ್ಕ ಮೆಷಿನ್ ರಿಪೇರಿಯ ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದೊಂದೇ ಹಲಗೆ ಬಿಚ್ಚಿದಳು. ಬಿಸಿಗಾಳಿಯೂ ಬೀದಿಯ ಸದ್ದೂ ಧೂಳೂ ಒಟ್ಟಿಗೇ ಒಳಗೆ ಬಂದವು. ಮೆಷಿನುಗಳಿಗೆ ಕರೆಂಟು ಇಲ್ಲದ್ದರಿಂದ ಹೆಂಗಸರು ಕಿಟಕಿಯ ಬೆಳಕಿಗೆ ಕೂತು ಕೈಹೊಲಿಗೆಯ ಕೆಲಸ ಹಿಡಿದರು. ಬೆನ್ನಿನಲ್ಲಿ ಬೆವರು ಇಳಿಯಿತು. "ಯಜಮಾನ್ರೇ ಅಂತ ಯಾರು ಮೊದಲು ಹೋಗ್ತೀರೋ ಅವರ ಹೊಲಿಗೆ ನಾನು ಬಿಚ್ಚಿಹಾಕ್ತೀನಿ," ಎಂದಳು ಒಬ್ಬಳು. ಯಾರೂ ಹೋಗಲಿಲ್ಲ.

ಮಧ್ಯಾಹ್ನ ಸೂಜಿ ಒಬ್ಬಳೇ ಮರಳಿದಳು. ರೇಡಿಯೋಳ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಕೈಗೆ ಪಟ್ಟಿ ಹಾಕಿ ಮನೆಗೆ ಕಳಿಸಿದ್ದರು. ದೊಡ್ಡಕ್ಕ ಫೋನೆತ್ತಿ ಮಫ್ಲರಣ್ಣನಿಗೆ ಬರಹೇಳಿದಳು. ಆಮೇಲೆ ಕೆಳಗಿಳಿದು, ಗಿರಾಕಿಯ ಮುಂದೆ ಬಟ್ಟೆ ಹರಡಿಕೊಂಡು ಕೂತಿದ್ದ ತಮ್ಮನಿಗೆ ಎಲ್ಲರ ಎದುರೇ ಹೇಳಿದಳು:

"ಮೆಕ್ಯಾನಿಕ್ ಬರ್ತಿದಾನೆ. ಸೀಲಿಂಗ್ ಕತ್ತರಿಸ್ತೀವಿ. ಹೇಳ್ದೆ ಮಾಡಿದ್ಲು ಅಂತ ಅನ್ಬೇಡ."

ಗಿರಾಕಿಯ ಮುಂದೆ ಅವನು ನಕ್ಕಂತೆ ಮಾಡಿದ. ಅಕ್ಕ ಹೆದರಿಸುತ್ತಿದ್ದಾಳೆ, ಅಷ್ಟೆಲ್ಲ ಮಾಡುವವಳಲ್ಲ ಅಂದುಕೊಂಡಿರಬೇಕು.

ಮಫ್ಲರಣ್ಣ ಬಂದ. ಬೋರ್ಡಿನ ಮುಚ್ಚಳ ತೆಗೆದು ನೋಡಿದವನೇ ನಾಲಿಗೆ ಕಚ್ಚಿಕೊಂಡ.

"ಯಾರಮ್ಮಾ ಇದನ್ನ ಮಾಡಿದ್ದು? ಕರೆಂಟ್ ಎಲ್ಲಾದ್ರೂ ಸೋರಿದ್ರೆ ಆರಿಹೋಗ್ಲಿ ಅಂತಲೇ ಆ ಟ್ರಿಪ್ ಸ್ವಿಚ್ ಇರೋದು. ಅದು ಬೀಳ್ತಿತ್ತು ಅಂದ್ರೆ ಕೂಗಿ ಹೇಳ್ತಿತ್ತು ಅಂತ. ಅದನ್ನ ಬದಿಗಿಟ್ಟು ತಂತಿ ನೇರವಾಗಿ ಕಟ್ಟಿದಾರೆ. ಕೂಗೋರ ಬಾಯಿಗೆ ಬಟ್ಟೆ ತುರುಕಿದಂಗೆ."

ದೊಡ್ಡಕ್ಕನಿಗೆ ಬೀದಿ ಕೊನೆಯಿಂದ ಬಂದವನ ನೆನಪಾಯಿತು. ಆ ಮನುಷ್ಯ ಬೋರ್ಡಿನ ಮುಂದೆ ನಿಂತಿದ್ದಾಗ ಚಹಾ ತಂದುಕೊಟ್ಟವಳು ಅವಳೇ. ಹಿಂದೆಯೇ ಸಿಟ್ಟೂ ಬಂತು.

"ನೀನೂ ಕಮ್ಮಿ ಇಲ್ಲ ಮಫ್ಲರಣ್ಣ. ಎರಡು ಸಲ ಬಂದು ತಲೆ ಅಲ್ಲಾಡಿಸಿ ಹೋದೆಯಲ್ಲ! ಬಾಗಿಲಿಲ್ಲ ಅಂತ ಹೇಳಿದ್ದೊಂದು ಬಿಟ್ರೆ ಏನು ಮಾಡ್ದೆ? 'ಹಿಂಗೇ ಓಡಿಸಿದ್ರೆ ಜೀವಕ್ಕೆ ಅಪಾಯ' ಅಂತ ಒಂದು ಸಲನಾದ್ರೂ ಬಾಯಿಬಿಟ್ಟೆಯಾ?"

ಅವನು ಮಫ್ಲರಿನ ಗಂಟನ್ನು ಸಡಿಲಿಸಿದ. "ಇಲ್ಲ ತಾಯಿ. ಯಜಮಾನ್ರು ಬೇರೆಯವರನ್ನ ಕರೀತಾರೆ ಅಂತ ಸುಮ್ಮನಾದೆ."

"ಈಗ ಸುಮ್ಮನಿರ್ಬೇಡ. ಎಲ್ಲಿ ಕತ್ತರಿಸ್ಬೇಕು ತೋರಿಸು."

"ಯಜಮಾನ್ರು ಒಪ್ಪಬೇಕಲ್ಲ?"

"ಯಜಮಾನ್ರ ಅಕ್ಕ ಒಪ್ಪಿದಾಳೆ."

ಮಫ್ಲರಣ್ಣ ಬೋರ್ಡಿನ ಮೇನ್ ಸ್ವಿಚ್ ಇಳಿದಿದೆಯೇ ಎಂದು ಮತ್ತೆ ನೋಡಿದ. ಯಾರೂ ಮುಟ್ಟದಂತೆ ಅದರ ಮುಚ್ಚಳಕ್ಕೆ ತನ್ನದೇ ಸಣ್ಣ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಟೆಸ್ಟರ್ ಹಿಡಿದು ಜಾಲರಿಗಳಲ್ಲಿ ಕರೆಂಟು ಸತ್ತಿದೆಯೆಂದು ಖಚಿತ ಮಾಡಿಕೊಂಡ. ಯಂತ್ರ ಕೂತಿದ್ದ ಜಾಗವನ್ನು ಅಂದಾಜು ಹಾಕಿ ಸೀಲಿಂಗಿನತ್ತ ಬೆರಳು ತೋರಿಸಿದ. ಅದು ದೊಡ್ಡಕ್ಕನ ಮೇಜಿನ ನೆತ್ತಿಗೇ ಬಂದಿತ್ತು. ಅವಳು ಚಪ್ಪಲಿ ಬಿಟ್ಟು ಮೇಜಿನ ಮೇಲೆ ಹತ್ತಿದಳು. ಅಳತೆಪಟ್ಟಿ ಹಿಡಿದು, ನೀಲಿ ಸೀಮೆಸುಣ್ಣದಿಂದ ಸೀಲಿಂಗಿನ ಮೇಲೆ ಚೌಕ ಬರೆದಳು. ಎರಡು ಬೇಸಿಗೆಯಲ್ಲಿ ಆ ಬಿಳುಪಿನ ಮೇಲೆ ಬಿದ್ದ ಮೊದಲ ಗೆರೆ.

ಮಫ್ಲರಣ್ಣನ ಕೈಗರಗಸ ಸೀಲಿಂಗಿಗೆ ತಾಗಿದ ಸದ್ದಿಗೆ ಯಜಮಾನ ಮೇಲೆ ಓಡಿ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಬಿಳಿ ಪುಡಿ ಅಕ್ಕನ ತಲೆ, ಹೆಗಲುಗಳ ಮೇಲೆ ಉದುರುತ್ತಿತ್ತು.

"ಅಕ್ಕ! ಕೆಳಗಿಳಿ!"

"ಇಳಿಯಲ್ಲ."

"ತಗಡಿನ ಕೆಳಗೆ ಬೆಂದವರು ನಾವು. ನಿನ್ನ ತಲೆ ಮೇಲೆ ಒಂದು ಒಳ್ಳೇ ಸೂರು ಇರ್ಲಿ ಅಂತ ಮಾಡಿಸಿದ್ದು ಇದು. ನಿನಗೋಸ್ಕರ! ಅದನ್ನೇ ಕತ್ತರಿಸ್ತಿದ್ದೀಯಲ್ಲ!"

ಆ ಮಾತು ಅವಳಿಗೆ ನಾಟದೆ ಇರಲಿಲ್ಲ. ಒಂದು ಗಳಿಗೆ ಗರಗಸವನ್ನೂ ನಿಲ್ಲಿಸಲು ಕೈ ತೋರಿಸಿದಳು. "ಗೊತ್ತು ತಮ್ಮಾ. ನನಗೋಸ್ಕರ ಮಾಡಿಸಿದ್ದು ಅಂದ್ಮೇಲೆ ಇದರ ಕೆಳಗೆ ಕೂರೋದು ನಾನು. ನನಗೆ ಹೆದರಿಕೆ ಆಗ್ತಿದೆ. ಸೂರು ನೋಡಿ ಹೆದರೋ ಹಾಗಿದ್ರೆ ಅದು ತಗಡಾದ್ರೇನು, ಬಳ್ಳಿ ಬರೆದಿದ್ರೇನು?"

"ಅದಕ್ಕಿನ್ನೊಂದು ಕೈ ತಾಗಿದ್ರೆ ನಾಳೆಯಿಂದ ನೀನು ಇಲ್ಲಿಗೆ ಬರಬೇಡ."

ದೊಡ್ಡಕ್ಕ ತಮ್ಮನ ಮುಖವನ್ನೇ ನೋಡಿದಳು. ಆಮೇಲೆ ಮಫ್ಲರಣ್ಣನ ಕಡೆ ತಿರುಗಿದಳು.

"ನಾಳೆ ಮಾತು ನಾಳೆ ನೋಡ್ಕೊಳ್ತೀನಿ. ನೀನು ಕೊಯ್ಯಪ್ಪಾ."

ಚೌಕ ಕಳಚಿ ಕೈಗೆ ಬಂತು. ಅದರ ಹಿಂದೆಯೇ ಮುಗ್ಗಿದ ಗಾಳಿಯ ಒಂದು ಅಲೆ ಇಳಿಯಿತು. ಮಫ್ಲರಣ್ಣ ಏಣಿ ಹತ್ತಿ ಟಾರ್ಚ್ ಹಿಡಿದು ಅರ್ಧ ಮೈ ಒಳಗೆ ತೂರಿಸಿದ. ಸ್ವಲ್ಪ ಹೊತ್ತು ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಬಳಿಕ ಅವನು ಎಳೆದು ಕೆಳಗಿಳಿಸಿದ ವಸ್ತುವನ್ನು ನೋಡಿ ಮೊದಲಿಗೆ ಯಾರಿಗೂ ಏನೆಂದು ತಿಳಿಯಲಿಲ್ಲ. ಕಂಬಳಿಯಂತೆ ದಪ್ಪಗಿತ್ತು.

"ಇದು ಫಿಲ್ಟರ್," ಎಂದ.

ಅದು ಫಿಲ್ಟರೇ. ಎರಡು ಬೇಸಿಗೆಯ ಬಟ್ಟೆಯ ಜುಂಗು, ನೂಲಿನ ಎಳೆ, ಧೂಳು ಅದರ ಮೇಲೆ ಪದರ ಪದರವಾಗಿ ಕೂತು ಹೆಣೆದುಕೊಂಡಿದ್ದವು. ಕೆಳಗೆ ಒಂದು ನೀಲಿ ಪದರ, ಅದರ ಮೇಲೆ ಕೆಂಪು, ಆಮೇಲೆ ಖಾಕಿ. "ಈ ನೀಲಿ ಶಾಲೆ ಸಮವಸ್ತ್ರದ್ದು. ಕೆಂಪು ಬ್ಯಾಂಡಿನವರ ಕೋಟು," ಎಂದು ಸೂಜಿ ಬೆರಳಿಟ್ಟು ಗುರುತಿಸಿದಳು. ತಾವು ಹೊಲಿದದ್ದೆಲ್ಲ ತಲೆಯ ಮೇಲೇ ಇತ್ತು. ಗಾಳಿಗೆ ದಾರಿಯೇ ಇರಲಿಲ್ಲ. ಗಾಳಿಯಿಲ್ಲದೆ ಒಳಗಿನ ತಂಪು ಕೊಳವೆಗಳ ಮೇಲೆ ಹಿಮ ಕಟ್ಟುತ್ತಿತ್ತು, ಎಸಿ ನಿಲ್ಲಿಸಿದಾಗ ಅದು ಕರಗಿ ಟ್ರೇ ತುಂಬುತ್ತಿತ್ತು. ಟ್ರೇಯಿಂದ ನೀರು ಹೊರಹೋಗುವ ಪೈಪಿನಲ್ಲಿ ಪಾಚಿ ಗಟ್ಟಿಯಾಗಿ ಕೂತಿತ್ತು. ಹೋಗಲು ದಾರಿ ಸಿಗದ ನೀರು ಅಂಚು ಮೀರಿ, ತಂತಿಯ ಗುಂಟ ಇಳಿದು, ತಂತಿಗಳನ್ನು ಕೂಡಿಸಿದ್ದ ಡಬ್ಬಿಯೊಳಗೆ ಸೇರಿಕೊಂಡಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ತಂತಿ ತುಕ್ಕು ಹಿಡಿದು ಕಳಚಿ ಬಿದ್ದಿದ್ದರಿಂದ ಅದು ತಗಡಿನ ಕೊಳವೆ ಹಿಡಿದು ಜಾಲರಿಗೇ ಇಳಿದಿತ್ತು. ಡಬ್ಬಿಯ ಒಂದು ಮಗ್ಗುಲು ಕಪ್ಪಾಗಿತ್ತು.

ಒಂದು ಜಾಲರಿಯ ಹಿಂದಿನಿಂದ ಮಫ್ಲರಣ್ಣ ಉಂಡೆ ಕಟ್ಟಿದ ಚಿಂದಿ ಬಟ್ಟೆಯನ್ನೂ ಹೊರಗೆಳೆದ. "ಇದ್ಯಾರ ಕೆಲಸ?"

ಎಲ್ಲರೂ ಎಲ್ಲೆಲ್ಲೋ ನೋಡಿದರು. ಸೂಜಿ ಮಾತ್ರ ಗದ್ದ ಎತ್ತಿದಳು. "ನಾನೇ ತುರುಕಿದ್ದು. ಗಾಳಿ ನೇರ ನನ್ನ ಕುತ್ತಿಗೆಗೆ ಬೀಳ್ತಿತ್ತು. ವಾರಕ್ಕೊಂದು ಸಲ ಕುತ್ತಿಗೆ ಹಿಡಕೊಳ್ತಿತ್ತು. ಹೇಳಿದ್ರೆ ಯಾರು ಕೇಳ್ತಿದ್ರು?"

"ಬಟ್ಟೆ ತುರುಕಬಾರ್ದಮ್ಮಾ. ಈ ಜಾಲರಿಯ ರೆಕ್ಕೆ ತಿರುಗುತ್ತೆ, ನೋಡು. ಗಾಳಿನ ಗೋಡೆ ಕಡೆ ತಿರುಗಿಸ್ಬಹುದು," ಎಂದು ಮಫ್ಲರಣ್ಣ ಬೆರಳಿನಿಂದ ತಿರುಗಿಸಿ ತೋರಿಸಿದ.

"ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಂಗೆ ರೋಗ!" ಎಂದಳು ಸೂಜಿ.

ಯಜಮಾನ ಇಷ್ಟು ಹೊತ್ತೂ ಆ ಕಪ್ಪಾದ ಡಬ್ಬಿಯನ್ನೇ ನೋಡುತ್ತ ನಿಂತಿದ್ದ. ಕೊನೆಗೆ ಕೇಳಿದ: "ಬೆಂಕಿ ಹತ್ಕೊಳ್ತಿತ್ತಾ?"

"ಹೇಳೋಕಾಗಲ್ಲ ಯಜಮಾನ್ರೇ," ಎಂದ ಮಫ್ಲರಣ್ಣ. "ಇವತ್ತೇ ಹತ್ಕೊಳ್ಬಹುದಿತ್ತು. ಇನ್ನೊಂದು ವರ್ಷ ಹಿಂಗೇ ಓಡ್ಬಹುದಿತ್ತು."

ಆ ಉತ್ತರದಲ್ಲಿ ತಮ್ಮನಿಗೊಂದು ಆಸರೆ ಸಿಕ್ಕಿತು. "ನೋಡಿದ್ಯಾ ಅಕ್ಕ? ಅವನೇ ಹೇಳ್ತಿದಾನೆ, ಗೊತ್ತಿಲ್ಲ ಅಂತ."

"ಗೊತ್ತಿಲ್ಲ ಅಂತಲೇ ಆರಿಸಿದ್ದು," ಎಂದಳು ದೊಡ್ಡಕ್ಕ. "ಗೊತ್ತಾಗೋ ತನಕ ಕಾಯೋಕೆ ನನಗೇನು ಹುಚ್ಚಾ? ರೇಡಿಯೋ ಕೈ ಮುರೀತು, ಅದು ಗೊತ್ತಾಯ್ತಲ್ಲ. ನನಗೆ ಅಷ್ಟು ಸಾಕು."

ಅವನು ಕೆಳಗಿಳಿದು ಹೋದ. ಆ ಸಂಜೆ ಅಕ್ಕನೊಂದಿಗೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಕ್ಕ ಎಂದಿನಂತೆ ಹೊರಟಳು. ತಮ್ಮ ಮಾತಿಗೆ ತಪ್ಪುವವನಲ್ಲ. ಅಂಗಡಿಯ ಮುಂದೆ ಅವನು ಶಟರಿಗೆ ಕೈಯಿಟ್ಟು ನಿಂತಿದ್ದ.

"ಬರಬೇಡ ಅಂದಿದ್ದೆ ನಾನು."

"ಕೇಳಿಸ್ತು."

"ಆದ್ರೂ ಬಂದಿದ್ದೀಯ."

"ಬಂದಿದೀನಿ. ಶಟರ್ ಎತ್ತು, ಕೆಲಸ ಇದೆ."

ಅವನು ಎತ್ತಲಿಲ್ಲ. ಅವಳು ಅವನನ್ನು ದಾಟಿ, ಬಗ್ಗಿ, ಎರಡೂ ಕೈಯಲ್ಲಿ ಶಟರನ್ನು ತಾನೇ ಮೇಲಕ್ಕೆ ಎಳೆಯತೊಡಗಿದಳು. ತುಕ್ಕು ಹಿಡಿದ ಶಟರ್ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಸೊಂಟ ಹಿಡಿದುಕೊಂಡು ಅವಳು ಇನ್ನೊಮ್ಮೆ ಎಳೆದಾಗ ಪಕ್ಕದಲ್ಲಿ ಇನ್ನೆರಡು ಕೈ ಸೇರಿದವು. ಇಬ್ಬರೂ ಅದನ್ನು ಪೂರ್ತಿ ಎತ್ತಿದರು.

ಅವತ್ತೂ ಮಾರನೆಯ ದಿನವೂ ಹಾಲು ಮುಚ್ಚಿತ್ತು. ಹೆಂಗಸರು ಕೆಳಗಿನ ಅಂಗಡಿಯಲ್ಲೇ ಚಾಪೆ ಹಾಸಿ ಕೈಹೊಲಿಗೆ ಮಾಡಿದರು. ಮೇಲೆ ಮಫ್ಲರಣ್ಣ ಟ್ರೇ ತಿಕ್ಕಿ, ಪೈಪಿನ ಪಾಚಿ ತೆಗೆದು, ಒಂದು ಬಕೆಟ್ ನೀರು ಸುರಿದು ಅದು ಸರಾಗ ಹೊರಹೋಗುವುದನ್ನು ತೋರಿಸಿದ. ಫಿಲ್ಟರನ್ನು ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದ. ಹಸಿ ಇರುವಾಗಲೇ ಹಾಕಿಬಿಡು ಎಂದ ಯಜಮಾನನ ಅವಸರಕ್ಕೆ ಅವನು ಈ ಸಲ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಲೈಸೆನ್ಸ್ ಇದ್ದ ಎಲೆಕ್ಟ್ರೀಷಿಯನ್ ಬಂದು ಡಬ್ಬಿ ಬದಲಾಯಿಸಿ, ಅರ್ಥಿಂಗ್ ಕೊಟ್ಟು, ಟ್ರಿಪ್ ಸ್ವಿಚ್ಚನ್ನು ಅದರ ಜಾಗಕ್ಕೆ ಕೂರಿಸಿದ. ಥಾನುಗಳ ಕಪಾಟನ್ನು ದೊಡ್ಡಕ್ಕ ಎದುರು ಗೋಡೆಗೆ ಸರಿಸಿದಳು. ಇನ್ನು ಮೇಲೆ ಹದಿನಾರು ಬೇಡ, ಇಪ್ಪತ್ತೈದಕ್ಕೆ ಇಡಿ, ಕೆಳಗಿಳಿಸಿದರೆ ಬೇಗ ತಂಪಾಗುವುದಿಲ್ಲ, ಮೆಷಿನ್ ಏದುಸಿರು ಬಿಡುತ್ತೆ ಅಷ್ಟೇ ಎಂದು ಮಫ್ಲರಣ್ಣ ಹೇಳಿದ್ದನ್ನು ಅವಳು ಎಲ್ಲರಿಗೂ ಒಪ್ಪಿಸಿದಳು. ಸ್ವಿಚ್ ಬಿದ್ದರೆ ಯಾರೂ ಮತ್ತೆ ಮತ್ತೆ ಎತ್ತಕೂಡದು. ಬಿದ್ದದ್ದು ಬಿದ್ದೇ ಇರಲಿ, ಫೋನ್ ಮಾಡಿ ಎಂದಳು.

ಸೀಲಿಂಗಿನ ತೂತಿಗೆ ಬಾಗಿಲು ಕೂರಿಸುವ ದಿನ ಯಜಮಾನ ಕಲಾವಿದನನ್ನು ಕರೆದುಕೊಂಡು ಬಂದ. ಬಾಗಿಲಿನ ಮೇಲೂ ಬಿಳಿ ಬಳಿದು, ಅಂಚು ಕಾಣದ ಹಾಗೆ ಬಳ್ಳಿಯನ್ನು ಅದರ ಮೇಲೆ ಹಾಯಿಸಿಬಿಡುವ ಯೋಚನೆ.

"ಬೇಡ," ಎಂದಳು ದೊಡ್ಡಕ್ಕ.

"ಬಣ್ಣ ತಾನೇ ಅಕ್ಕ, ಅದಕ್ಕೂ ಅಡ್ಡಿನಾ?"

"ಕಾಣ್ಬೇಕು ಅದು. ಇವತ್ತು ಬಳ್ಳಿ ಹಾಯಿಸ್ತೀಯ, ನಾಳೆ ಬಣ್ಣ ಹಾಳಾಗುತ್ತೆ ಅಂತ ತೆಗೆಯೋಕೆ ಬಿಡಲ್ಲ. ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ?"

ಕಲಾವಿದ ಇಬ್ಬರ ಮುಖವನ್ನೂ ನೋಡಿ ಬಣ್ಣದ ಡಬ್ಬಿಗಳನ್ನು ಎತ್ತಿಕೊಂಡ. ಬರೀ ಹಲಗೆ, ಎರಡು ಚಿಲಕ, ಒಂದು ಹಿಡಿ. ಬಿಳುಪಿನ ನಟ್ಟನಡುವೆ ಅದು ಕೋಟಿಗೆ ಹಾಕಿದ ತೇಪೆಯಂತೆ ಕಣ್ಣಿಗೆ ಹೊಡೆಯುತ್ತಿತ್ತು.

ಕೈಪಟ್ಟಿಯೊಂದಿಗೆ ರೇಡಿಯೋ ಕೆಲಸಕ್ಕೆ ಮರಳಿದ ದಿನ ಎಸಿ ಮತ್ತೆ ಶುರುವಾಯಿತು. ವಾಸನೆಯಿಲ್ಲದ ಗಾಳಿ ಇಳಿಯಿತು. ಯಜಮಾನ ಅವಳ ಎದುರು ಬಂದು ನಿಂತು, ಕೈಯನ್ನೂ ನೆಲವನ್ನೂ ನೋಡಿ, "ನೋವಿದೆಯಾ?" ಎಂದಷ್ಟೇ ಕೇಳಿದ. "ಕೈಗೆ ಇದೆ, ಬಾಯಿಗೆ ಇಲ್ಲ ಯಜಮಾನ್ರೇ," ಎಂದಳು ಅವಳು. ವಾಸಿಯಾಗುವ ತನಕ ಒಂದೇ ಕೈಯಲ್ಲಿ ಆಗುವ ಕೆಲಸ ಕೊಡಬೇಕು, ಸಂಬಳ ಹಿಡಿಯಬಾರದು ಎಂದು ದೊಡ್ಡಕ್ಕ ಆಗಲೇ ಅವನಿಂದ ಒಪ್ಪಿಸಿಕೊಂಡಿದ್ದಳು. ಹಾಡುಗಾರ್ತಿ ಮಾತ್ರ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ತಮ್ಮ ಮೇಜಿನ ಹತ್ತಿರ ಬಂದು ನಿಂತ.

"ಒಂದು ಮಾತು ಅಕ್ಕ. ಮಾಡಿದ್ದು ಸರಿಯೇ ಇರ್ಲಿ. ಆದ್ರೆ ಹೆಂಗಸರೆಲ್ಲರ ಮುಂದೆ, ಗಿರಾಕಿ ಮುಂದೆ... ನನ್ನನ್ನ ಒಂದು ಮಾತು ಕೇಳಿ ಮಾಡ್ಬಹುದಿತ್ತು. ಅಷ್ಟಾದ್ರೂ ತಪ್ಪಾಯ್ತು ಅನ್ನು."

ದೊಡ್ಡಕ್ಕ ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಎರಡು ಬೇಸಿಗೆ ಕೇಳಿದ್ದೆ ತಮ್ಮಾ. ತಪ್ಪಾಯ್ತು ಅನ್ನಲ್ಲ. ಇನ್ನೊಂದು ಸಲ ಹಿಂಗೇ ಆದ್ರೆ ಕೇಳೋದೂ ಇಲ್ಲ."

ಅವನು ಅಲ್ಲೇ ನಿಂತಿದ್ದ. ಬಟ್ಟೆಯ ಆಚೆ ತುದಿ ಮೇಜಿನಿಂದ ಜಾರುತ್ತಿತ್ತು.

"ನಿಂತು ನೋಡ್ತೀಯೇನು? ಹಿಡಿ ಆ ಕಡೆ," ಎಂದಳು ಅವಳು.